ಸ್ಫಟಿಕದ ಕೆಂಪು, ಕೆಂಪಿನ ಕೆಂಪು

ಜಾವಳಿಯ ಆಷಾಢದ ಮಳೆ, ಹೇಮಾವತಿಯ ಮೂಲಸ್ಥಾನದ ಗುಡಿಯ ಘಂಟಾನಾದವನ್ನೂ ನುಂಗಿಕೊಂಡು ಹಗಲಿರುಳೆನ್ನದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ದೇವರ ಕೋಣೆಯ ನಂದಾದೀಪದ ಮುಂದೆ ಕುಳಿತು ನಾನು ಎರಡು ಹರಳುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದೆನು. ಒಂದು, ಜಪಸರದಿಂದ ಕಳಚಿದ ಸ್ಫಟಿಕದ ಮಣಿ. ಇನ್ನೊಂದು, ಅಜ್ಜಿಯ ಬೆಂಡೋಲೆಯಿಂದ ಉದುರಿದ ಕೆಂಪಿನ ಹರಳು. ಹರಿವಾಣದಲ್ಲಿದ್ದ ದಾಸವಾಳವನ್ನು ಮಣಿಯ ಹಿಂದೆ ಹಿಡಿದೊಡನೆ ಅದು ಒಳಗಿನಿಂದಲೇ ಕೆಂಪೇರಿದಂತೆ ತೋರಿತು. ಹೂವನ್ನು ಸರಿಸಲು ಮತ್ತೆ ನೀರಹನಿಯಂತೆ ನಿರ್ವರ್ಣವಾಯಿತು. ಕೆಂಪಿನ ಹರಳು ಮಾತ್ರ ಹೂವಿದ್ದರೂ ಇಲ್ಲದಿದ್ದರೂ ತನ್ನ ಪಾಡಿಗೆ ಕೆಂಪಾಗಿಯೇ ಇದ್ದಿತು.

ಸ್ಫಟಿಕ ಮತ್ತು ಜಪಾಕುಸುಮಗಳ ದೃಷ್ಟಾಂತ ವೇದಾಂತಕ್ಕೆ ಹಳೆಯದು. ಸ್ಫಟಿಕದ ಚಂದ್ರಮೌಳೀಶ್ವರನನ್ನು ಇಂದಿಗೂ ಅರ್ಚಿಸುವ ಶೃಂಗೇರಿ ನಮಗೆ ದೂರದ ಊರಲ್ಲ. ಆತ್ಮನು ಸ್ವಭಾವತಃ ನಿರ್ಮಲನೆಂದೂ, ಸುಖದುಃಖಗಳು ಬುದ್ಧಿಯೆಂಬ ಉಪಾಧಿಯ ಸಾಮೀಪ್ಯದಿಂದ ಅವನಲ್ಲಿ ಆರೋಪಿತವಾದುವೆಂದೂ ಆ ಪರಂಪರೆ ಬೋಧಿಸುತ್ತ ಬಂದಿದೆ. ಹೂವನ್ನು ಸರಿಸಿದರಾಯಿತು, ಕೆಂಪಿಲ್ಲ. ಈ ಮಾತಿನ ಸೌಂದರ್ಯಕ್ಕೆ ನಾನು ಎಳೆವೆಯಿಂದಲೂ ಮನಸೋತವನು. ಆದರೆ ಹರಳುಗಳೆಲ್ಲ ಸ್ಫಟಿಕಗಳಲ್ಲವಷ್ಟೆ.

ಒಂದೇ ಗಾತ್ರದ ಎರಡನ್ನು ತೂಗಿದರೆ ಕೆಂಪು ಸ್ಫಟಿಕದ ಒಂದೂವರೆಯಷ್ಟು ಭಾರ. ಸ್ಫಟಿಕದ ಸಾಪೇಕ್ಷ ಸಾಂದ್ರತೆ 2.65, ಕೆಂಪಿನದು ಸುಮಾರು 4. ಕಾಠಿನ್ಯದ ಮೋಸ್ ಮಾನದಲ್ಲಿ ಸ್ಫಟಿಕಕ್ಕೆ 7, ಕೆಂಪಿಗೆ 9. ಆದುದರಿಂದ ಕೆಂಪು ಸ್ಫಟಿಕವನ್ನು ಗೀರಬಲ್ಲುದು, ಸ್ಫಟಿಕ ಕೆಂಪನ್ನು ಗೀರಲಾರದು. ಇವೆಲ್ಲ ಅಕ್ಕಸಾಲಿಗೆ ಬೇಕಾದ ಮಾತುಗಳು. ನನ್ನನ್ನು ತಡೆದು ನಿಲ್ಲಿಸಿದುದು ಬೇರೊಂದು: ಕೆಂಪಿನ ಮೂಲದ್ರವ್ಯವಾದ ಕುರುಂದವೂ ಶುದ್ಧಾವಸ್ಥೆಯಲ್ಲಿ ಸ್ಫಟಿಕದಂತೆಯೇ ನಿರ್ವರ್ಣವಾದುದು! ಅದರ ಅಲ್ಯೂಮಿನಿಯಂ ಪರಮಾಣುಗಳಲ್ಲಿ ನೂರಕ್ಕೊಂದರಷ್ಟು ಅಥವಾ ಅದಕ್ಕೂ ಕಡಮೆಯಾಗಿ ಕ್ರೋಮಿಯಂ ಬಂದು ಕುಳಿತರೆ ಕೆಂಪು. ಕಬ್ಬಿಣವೂ ಟೈಟಾನಿಯಮ್ಮೂ ಕುಳಿತರೆ ಅದೇ ದ್ರವ್ಯ ನೀಲ. ಹಾಗಾದರೆ ಇಲ್ಲಿಯೂ ಬಣ್ಣ ಅತಿಥಿಯೇ. ಆದರೆ ಈ ಅತಿಥಿ ಜಗಲಿಯಲ್ಲಿ ಕುಳಿತವನಲ್ಲ. ಮನೆಯ ಕಂಬವಾಗಿ ನಿಂತವನು. ಹರಳನ್ನು ಒಡೆಯದೆ ಅವನನ್ನು ಹೊರಕ್ಕೆ ಕಳುಹಿಸುವಂತಿಲ್ಲ.

ನಮ್ಮ ಕನ್ನಡ ಈ ರತ್ನವನ್ನು 'ಕೆಂಪು' ಎಂದೇ ಕರೆದು ಗುಣದ ಹೆಸರನ್ನೇ ದ್ರವ್ಯಕ್ಕೆ ಇಟ್ಟುದು ನನಗೆ ಆಕಸ್ಮಿಕವೆನಿಸುವುದಿಲ್ಲ. ಕಳಸದ ಬಳಿ ಅಂಬುತೀರ್ಥದಲ್ಲಿ, ಮಧ್ವಾಚಾರ್ಯರು ಒಂದೇ ಕೈಯಿಂದ ತಂದಿರಿಸಿದರೆಂದು ಹೇಳುವ ಹೆಬ್ಬಂಡೆ ಭದ್ರೆಯಲ್ಲಿದೆ. ದ್ರವ್ಯವಿರುವವರೆಗೂ ಇರುವ ಧರ್ಮವು ದ್ರವ್ಯಕ್ಕೆ ಅಭಿನ್ನವೆಂದೂ, 'ವಿಶೇಷ'ದ ಬಲದಿಂದ ಮಾತ್ರ ಅವೆರಡನ್ನೂ ಬೇರ್ಪಡಿಸಿ ನುಡಿಯುತ್ತೇವೆಂದೂ ಅವರ ಸಿದ್ಧಾಂತ. ಕುರುಂದವನ್ನು ದ್ರವ್ಯವೆಂದರೆ ಕೆಂಪು ಆಗಂತುಕ. ಅಂಗೈಯಲ್ಲಿರುವ ಈ ಹರಳನ್ನೇ ದ್ರವ್ಯವೆಂದರೆ ಕೆಂಪು ಅದರ ಸ್ವರೂಪ. ನಾನು ಎರಡನೆಯದನ್ನೇ ನೆಚ್ಚುತ್ತೇನೆ. ಏಕೆಂದರೆ ಬಾಳುವವನು ಈ ಮನುಷ್ಯನೇ ಹೊರತು ಮನುಷ್ಯತ್ವವೆಂಬ ಸಾಮಾನ್ಯವಲ್ಲ.

ಕೆಂಪನ್ನು ಬಲವಾಗಿ ಕಾಸಿದರೆ ಅದು ಹಸುರಿನತ್ತ ತಿರುಗುವುದು. ತಣ್ಣಗಾಗುತ್ತಲೇ ತನ್ನ ಬಣ್ಣಕ್ಕೆ ಮರಳುವುದು. ಎಳೆಯ ಮಗನನ್ನು ಕಳೆದುಕೊಂಡ ನಮ್ಮ ಅಜ್ಜಿಗೆ, ದುಃಖವು ಹೂವಿನ ನೆರಳು ಮಾತ್ರವೆಂದು ಹಿರಿಯರು ಹೇಳಿದಾಗ ಆಕೆ ಭಕ್ತಿಯಿಂದ ತಲೆದೂಗಿದಳು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ, ಕಣದಲ್ಲಿ ಆಳುಗಳ ನಡುವೆ, ಅವಳ ಮೋರೆಯಲ್ಲಿ ಆ ದುಃಖದ ಸುಳಿವಿರುತ್ತಿರಲಿಲ್ಲ. ಕೊಯ್ಲು ಮುಗಿದು, ಮಳೆ ಹಿಡಿದು, ಮನೆ ನಿಶ್ಶಬ್ದವಾದ ಸಂಜೆ, ಅವಳು ಒಲೆಯ ಮುಂದೆ ಒಬ್ಬಳೇ ಕುಳಿತು ಆ ಮಗುವಿನ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು.