ಒಟ್ಟಿದ್ದು, ಉಳಿದದ್ದು

ತಿಪಟೂರು, ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಮನೆಯ ಹಿತ್ತಿಲಿಗೆ ಹೋದರೆ ಈಗಲೂ ಅಲ್ಲಲ್ಲಿ ಚಪ್ಪಡಿ ಹಾಸಿದ ಒಂದು ತಗ್ಗು ಕಟ್ಟೆ ಕಾಣುತ್ತದೆ. ಕೆಲವು ಮನೆಗಳಲ್ಲಿ ಅದರ ಮೇಲೆ ಬಟ್ಟೆ ಒಣಗುತ್ತದೆ, ಕೆಲವು ಕಡೆ ಬೈಕು ನಿಂತಿರುತ್ತದೆ. ಅದು ಬಣವೆ ಒಟ್ಟುತ್ತಿದ್ದ ಜಾಗ. ನೆಲದ ತೇವ ಏರದಿರಲಿ, ಗೆದ್ದಲು ಹತ್ತದಿರಲಿ ಎಂದು ಹಾಸಿದ ಕಲ್ಲುಗಳು. ಬಣವೆ ಹೋಯಿತು, ಅದರ ಪಾದ ಉಳಿಯಿತು. ಇಂಥ ಉಳಿಕೆಗಳೇ ಮನಸ್ಸನ್ನು ಹೆಚ್ಚು ಕೆದಕುತ್ತವೆ. ಪೂರ್ತಿ ಅಳಿದುಹೋದದ್ದನ್ನು ಮರೆತೇವು, ಅರ್ಧ ಉಳಿದದ್ದು ಮರೆಯಗೊಡುವುದಿಲ್ಲ.

ರಾಗಿಯ ಸೀಮೆಯಲ್ಲಿ ಕೊಯ್ಲಾದ ಪೈರು ಅರಿ ಅರಿಯಾಗಿ ಹೊಲದಲ್ಲೇ ಒಣಗಿ, ಸಿವುಡಾಗಿ, ಗಾಡಿಯೇರಿ ಬಂದು ಮೆದೆಯಾಗುತ್ತಿತ್ತು. ತೆನೆ ಒಳಕ್ಕೆ, ಬುಡ ಹೊರಕ್ಕೆ. ಹಕ್ಕಿಗೆ ಕಾಣಬಾರದು, ಇಬ್ಬನಿಗೆ ಸಿಗಬಾರದು. ಕೆಳಗಿನಿಂದ ಒಬ್ಬ ಎಸೆಯುವುದು, ಮೇಲೆ ನಿಂತಾತ ಹಿಡಿದು ತುಳಿದು ಕೂರಿಸುವುದು. ಬುಡದ ಸುತ್ತು ಯಾರು ಬೇಕಾದರೂ ಹಾಕಿಯಾರು. ನೆತ್ತಿ ಕೂರಿಸುವುದಕ್ಕೆ ಮಾತ್ರ ಊರಿನಲ್ಲಿ ಒಬ್ಬಿಬ್ಬರು ಹಿರಿಯರೇ ಬೇಕು. ನಡು ಎತ್ತರವಿರಬೇಕು, ಅಂಚು ಇಳಿಜಾರಾಗಬೇಕು. ನಡು ತಗ್ಗಿತೋ, ಮೊದಲ ಮಳೆಯೇ ಒಳಗಿಳಿದು ಮನೆ ಮಾಡುತ್ತದೆ. ಹೊರಗೆ ಹೊನ್ನಿನ ಬಣ್ಣ, ಒಳಗೆ ಬೂಷ್ಟು. ಹಸಿ ಆರದ ಹುಲ್ಲನ್ನು ಅವಸರದಿಂದ ಒಟ್ಟಿದರಂತೂ ಅದು ಒಳಗೊಳಗೇ ಕಾದು, ಯಾರೂ ಕಿಡಿ ತಾಗಿಸದೆ ಹೊತ್ತಿಕೊಳ್ಳುವುದೂ ಉಂಟು. ಬಣವೆ ಸುಟ್ಟಾಗ ಊರು ಹಗೆಯವನನ್ನು ಹುಡುಕುತ್ತಿತ್ತು. ಹಗೆ ಇದ್ದದ್ದು ಹುಲ್ಲಿನ ತೇವದಲ್ಲೇ ಎಂಬುದು ಎಷ್ಟು ಪಂಚಾಯಿತಿಗಳಿಗೆ ಹೊಳೆಯಿತೋ!

ಒಟ್ಟಿದ ಮೇಲೆ ಇಳಿಸುವ ಕಾಲ. ಮೆದೆ ಕಿತ್ತು ಕಣದಲ್ಲಿ ಹರವಿದರೆ ರೋಣಗಲ್ಲು ಹರಿದು ಕಾಳು ಬೇರೆ, ಹುಲ್ಲು ಬೇರೆ. ಕಾಳು ರಾಶಿಯಾಗಿ ಪೂಜೆ ಪಡೆದು ಒಳಗೆ ಹೋದರೆ ಹುಲ್ಲು ಮತ್ತೆ ಬಣವೆಯಾಗಿ ಹಿತ್ತಿಲಿಗೆ ಬರುತ್ತಿತ್ತು. ಅಲ್ಲಿಂದ ಶುರುವಾಗುವುದು ಹಿರಿಯುವ ಕೆಲಸ. ದಿನವೂ ಎರಡು ಹೊತ್ತು, ಒಂದೇ ಮಗ್ಗುಲಿನಿಂದ, ಒಂದೊಂದು ತೆಕ್ಕೆ. ಯುಗಾದಿಗೆ ಬಣವೆಯ ಹೊಟ್ಟೆ ಒಳಗೆ ಹೋಗಿರುತ್ತದೆ. ಮುಂಗಾರು ಹಿಡಿಯುವ ಹೊತ್ತಿಗೆ ಬೆನ್ನು ಬಾಗಿರುತ್ತದೆ. ಮುಂದಿನ ಕೊಯ್ಲಿಗೆ ಬರೀ ಕಟ್ಟೆ. ಆ ಕಟ್ಟೆಯ ಮೇಲೆ ಹೊಸ ಬಣವೆ.

ಇಷ್ಟು ಜಾಣ್ಮೆಯಿಂದ ಕಟ್ಟಿದ್ದು ಕರಗಲೆಂದೇ ಕಟ್ಟಿದ್ದು. ನೆತ್ತಿ ಕೂರಿಸಿ ಏಣಿ ಇಳಿದ ಆ ಹಿರಿಯ ತನ್ನ ಕೆಲಸವನ್ನು ಒಮ್ಮೆ ಸುತ್ತಿ ನೋಡುವುದಿತ್ತು. ಎಲ್ಲಿಯಾದರೂ ಉಬ್ಬಿದ್ದರೆ ಕೋಲಿನಿಂದ ಬಡಿದು ಸರಿಮಾಡುವುದಿತ್ತು. ಮಾರನೆಯ ಬೆಳಗಿಗೇ ಅದರ ಒಂದು ತೆಕ್ಕೆ ಗೋದಲಿಗೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಉಬ್ಬನ್ನು ಬಡಿದ. ಉಳಿಯುವುದಕ್ಕಾಗಿ ಮಾಡಿದ ಕೆಲಸದಲ್ಲಿ ಮಾತ್ರ ಅಚ್ಚುಕಟ್ಟು ಸಾರ್ಥಕ ಎಂದು ನಾವು ಏಕೆ ತಿಳಿದೆವೋ. ಹಳೆಯ ಹುಲ್ಲು ಹಾಗೆಯೇ ಉಳಿದು, ಮುಂದಿನ ಕಾರ್ತೀಕಕ್ಕೂ ಬಣವೆ ಕರಗದೆ ನಿಂತಿದ್ದರೆ ಅದು ಸಂತೋಷದ ಸಂಗತಿ ಆಗಿರಲಿಲ್ಲ. ಆ ಮನೆಯಲ್ಲಿ ದನ ಕಡಿಮೆಯಾಗಿವೆ ಎಂದೋ, ಹಿರಿಯುವ ಕೈ ಇಲ್ಲವಾಗಿದೆ ಎಂದೋ ಜನ ಓದಿಕೊಳ್ಳುತ್ತಿದ್ದರು.

ಈಗ ಹಾಗೆ ಓದುವ ಅಗತ್ಯವೂ ಇಲ್ಲ. ಉಳುವುದಕ್ಕೆ ಟ್ರ್ಯಾಕ್ಟರ್ ಬಂತು, ಎತ್ತುಗಳು ಕೊಟ್ಟಿಗೆ ಬಿಟ್ಟವು. ಕೊಯ್ಯುವ ಯಂತ್ರ ಗದ್ದೆಯಲ್ಲೇ ಕಾಳು ಬಿಡಿಸಿ ಚೀಲಕ್ಕೆ ಸುರಿಯುತ್ತದೆ. ಅದರ ಹಿಂದೆಯೇ ಇನ್ನೊಂದು ಯಂತ್ರ ಬಂದು ಚದುರಿದ ಹುಲ್ಲನ್ನು ಸುತ್ತಿ ಉರುಳೆ ಕಟ್ಟುತ್ತದೆ. ಕಣ ಇಲ್ಲದವರು ಪೈರನ್ನು ಡಾಂಬರು ರಸ್ತೆಗೆ ಹರವುತ್ತಾರೆ, ಬಸ್ಸು ಲಾರಿಗಳು ರೋಣಗಲ್ಲಿನ ಕೆಲಸ ಮಾಡಿ ಮುಂದೆ ಹೋಗುತ್ತವೆ. ಇದಕ್ಕೆ ಕಣ್ಣೀರು ಹಾಕುವುದು ನನ್ನಿಂದಾಗದು. ಸಿವುಡು ಹೊತ್ತ ಹೆಂಗಸರ ಕತ್ತನ್ನು, ರೋಣಗಲ್ಲಿನ ಹಿಂದೆ ಸುತ್ತಿದವರ ಕಾಲನ್ನು ನೆನೆದರೆ ಹಳೆಯದನ್ನು ಹೊಗಳುವ ನಾಲಗೆ ತಡೆಯುತ್ತದೆ. ಹೋದದ್ದು ಮೆದೆಯ ಕಾಲ. ಕೊಯ್ಲಿಗೂ ಒಕ್ಕಣೆಗೂ ನಡುವೆ, ಬೆಳೆ ಹೊಲದ್ದೂ ಅಲ್ಲದೆ ಮನೆಯದೂ ಆಗದೆ ಸುಮ್ಮನೆ ಕಾಯುತ್ತಿದ್ದ ಆ ತಿಂಗಳುಗಳು. ಕಾಯುವುದಕ್ಕೂ ಒಂದು ಆಕಾರವಿತ್ತು, ಅದಕ್ಕೊಂದು ನೆತ್ತಿಯಿತ್ತು.

ಮನೆಯೊಳಗೂ ಇದೇ ವಿದ್ಯೆ. ಅಡುಗೆಮನೆಯ ಮೂಲೆಯಲ್ಲಿ ಅಡಕಲು ಗಡಿಗೆಗಳು, ದೊಡ್ಡದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು. ದಿನದ ಉಪ್ಪು ಮೇಲೆ, ವರ್ಷದ ಕಾಳು ಕೆಳಗೆ. ಕೆಳಗಿನ ಗಡಿಗೆ ಬೇಕೆಂದರೆ ಮೇಲಿನವೆಲ್ಲ ಇಳಿಯಬೇಕು, ಆದ್ದರಿಂದ ಹೆಂಗಸರು ತಮ್ಮ ಗುಟ್ಟಿನ ದುಡ್ಡನ್ನು ಅಲ್ಲೇ ಇಡುತ್ತಿದ್ದರು. ಮೂಲೆಯ ಪತ್ರಿಕೆಗಳ ಅಟ್ಟಿಯದು ಇದರ ತಿರುವುಮುರುವು. ಮೇಲಿನದಷ್ಟೇ ಬೇಕು, ಕೆಳಗಿನದನ್ನು ಯಾರೂ ಕೇಳುವುದಿಲ್ಲ. ಸರ್ಕಾರ ಉರುಳಿದ ದಿನದ ಹಾಳೆಗೂ ಏನೂ ನಡೆಯದ ದಿನದ ಹಾಳೆಗೂ ರದ್ದಿಯವನ ತಕ್ಕಡಿಯಲ್ಲಿ ಒಂದೇ ದರ.

ಹಾಗಾದರೆ ಕೆಳಗೆ ಬಿದ್ದದ್ದರ ಬೆಲೆ ಕಟ್ಟುವವರು ಯಾರು? 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಹಸ್ತಪ್ರತಿಯೊಂದನ್ನು ತಂದುಕೊಟ್ಟರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಶತಮಾನಗಳಿಂದ ಹೆಸರಷ್ಟೇ ಕೇಳುತ್ತಿದ್ದ, ಪೂರ್ತಿ ಪಾಠ ಕಾಣದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು. 1909ರಲ್ಲಿ ಅಚ್ಚಾಯಿತು. ಎಷ್ಟು ತಲೆಮಾರುಗಳು ಆ ಕಟ್ಟಿನ ದೂಳು ಒರೆಸಿದವೋ, ಎಷ್ಟು ಜನ ಓದದೆಯೇ ಕಾಪಾಡಿದರೋ. ಓದಿದವರ ಹೆಸರು ಚರಿತ್ರೆಯಲ್ಲಿದೆ, ಒರೆಸಿದವರದು ಇಲ್ಲ. ಬಿಚ್ಚುವ ಕೈ ಬರುವ ಮೊದಲೇ ಹುಳುವಿಗೆ ಊಟವಾದ ಕಟ್ಟುಗಳೂ ಇದ್ದಿರಲೇಬೇಕು. ಅವುಗಳಲ್ಲಿ ಏನಿತ್ತೆಂದು ಕೇಳುವುದಕ್ಕೆ ನಮಗೆ ಪ್ರಶ್ನೆಯೂ ಇಲ್ಲ.

ಮುಚ್ಚಿಟ್ಟದ್ದೆಲ್ಲ ಕ್ಷೇಮವೆಂದೂ ಅಲ್ಲ. ರಾಗಿಗೆ ಹುಳು ಬೇಗ ಹತ್ತುವುದಿಲ್ಲ, ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಬರಗಾಲಕ್ಕೆ ಅದೇ ಆಸರೆ. ಆದರೆ ಹಗೇವು ತೆರೆದ ತಕ್ಷಣ ಇಳಿಯುವಂತಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಆರದಿದ್ದರೆ ಆಮೇಲೆ ಮನುಷ್ಯ. ಆತುರಪಟ್ಟು ಇಳಿದವರು ತಾವೇ ಕೂಡಿಟ್ಟ ಕಾಳಿನ ಮೇಲೆ ಉಸಿರು ಕಟ್ಟಿ ಸತ್ತದ್ದುಂಟು. ದಿನವೂ ಹಿರಿಯುವ ಬಣವೆಗೆ ಈ ವಿಷವಿಲ್ಲ.

ಇನ್ನು ಎಲ್ಲಕ್ಕಿಂತ ಹಳೆಯ ಒಟ್ಟಿಲಿನ ಮಾತು. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಬೂದಿದಿಬ್ಬಗಳಿವೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ. ಅಷ್ಟು ಬೂದಿಗೆ ವಾಲಿಯಂಥ ದೇಹವೇ ಬೇಕು ಎಂಬ ಲೆಕ್ಕ ತಪ್ಪೇನಲ್ಲ. ಪುರಾತತ್ವಜ್ಞರು ಕಂಡುಕೊಂಡದ್ದು ಬೇರೆ: ಅದು ಸಗಣಿ. ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ದನ ಕೂಡಿ, ಕೂಡಿಬಿದ್ದ ಸಗಣಿಗೆ ಆಗಾಗ ಬೆಂಕಿಯಿಟ್ಟರು. ಮತ್ತೆ ದನ, ಮತ್ತೆ ಸಗಣಿ, ಮತ್ತೆ ಬೆಂಕಿ. ಕಾವಿನ ರಭಸಕ್ಕೆ ಕೆಲವು ಪದರಗಳು ಕರಗಿ ಕಿಟ್ಟದ ಹಾಗೆ ಗಟ್ಟಿಯಾದವು. ಇಂದಿನ ತೆಲಂಗಾಣದ ಉತನೂರಿನಲ್ಲಿ ಎಫ್. ಆರ್. ಆಲ್ಚಿನ್ ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತು ಹಾಗೆಯೇ ಇತ್ತು. ಏಕೆ ಸುಟ್ಟರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಲ್ಚಿನ್ ಅದನ್ನು ನಮ್ಮ ಹಬ್ಬಗಳ ಬೆಂಕಿಯ ಜತೆಗಿಟ್ಟು ನೋಡಿದರು. ಸಂಕ್ರಾಂತಿಯ ಸಂಜೆ ಮಂಡ್ಯ ಮೈಸೂರಿನಲ್ಲಿ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಆ ಊಹೆ ದೂರದ್ದೆನಿಸದು.

ಆ ದನಗಾಹಿಗಳು ಜೋಪಾನ ಮಾಡಿದ್ದು ಧಾನ್ಯವನ್ನು, ಮಡಕೆಯನ್ನು, ದನವನ್ನು, ಮಕ್ಕಳನ್ನು. ಧಾನ್ಯ ಉಂಡು ಮುಗಿಯಿತು, ಮಡಕೆ ಒಡೆಯಿತು, ದನವೂ ಮಕ್ಕಳೂ ಮಣ್ಣಾದರು. ಅವರ ಭಾಷೆಯ ಒಂದು ಮಾತೂ ನಮಗೆ ತಲುಪಿಲ್ಲ. ನಾಲ್ಕೈದು ಸಾವಿರ ವರ್ಷ ದಾಟಿ ಬೆಟ್ಟದಂತೆ ನಿಂತದ್ದು ಅವರು ಬೆಂಕಿಗೆ ಕೊಟ್ಟದ್ದು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಾವು ಅಳೆದೂ ಸುರಿದೂ ತೀರ್ಮಾನಿಸುತ್ತೇವೆ. ಕಾಲ ಆ ತೀರ್ಮಾನವನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಉಳಿಯುವಿಕೆಯೇ ಬೆಲೆಯ ಅಳತೆಯಾಗಿದ್ದರೆ ಆ ಜನರ ಬದುಕಿನಲ್ಲಿ ಸಗಣಿಗಿಂತ ಬೆಲೆಯುಳ್ಳದ್ದು ಏನೂ ಇರಲಿಲ್ಲ ಎನ್ನಬೇಕಾಗುತ್ತದೆ. ತಾಯಿಯೊಬ್ಬಳು ಮಗುವಿಗೆ ಉಣಿಸಿದ ಒಂದು ಹಿಡಿ ಅಂಬಲಿ ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ಸಿಗದ ಮಾತ್ರಕ್ಕೆ ಅದು ನಡೆಯಲಿಲ್ಲವೆಂದಲ್ಲ, ವ್ಯರ್ಥವಾಯಿತೆಂದೂ ಅಲ್ಲ. ದಿಬ್ಬವೊಡ್ಡುವಷ್ಟು ಕಾಲ ಆ ಜನ ಬದುಕಿದ್ದು ಆ ಅಂಬಲಿಯಿಂದಲೇ.

ಈ ದಿಬ್ಬಗಳೂ ಈಗ ಕರಗುತ್ತಿವೆ. ಹಲವು ಕಡೆ ರಸ್ತೆ, ಕಟ್ಟಡ, ಗಣಿಗಾರಿಕೆಗೆ ಸಿಕ್ಕಿ ಹಾಳಾದರೆ, ಕೆಲವು ಕಡೆ ರೈತರು ಗೊಬ್ಬರವೆಂದು ಹೇರಿಕೊಂಡು ಹೋಗಿದ್ದಾರೆ. ಎರಡನ್ನೂ ತಡೆಯಬೇಕಾದದ್ದು ನಿಜ, ಅಗೆದು ಓದಬೇಕಾದದ್ದು ಇನ್ನೂ ಅವುಗಳೊಳಗೆ ಬಹಳವಿದೆ. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಾಗುವುದಿಲ್ಲ. ರಸ್ತೆಯ ಅಡಿಗೆ ಹೋದ ಬೂದಿ ಹೋಯಿತು, ಹೊಲಕ್ಕೆ ಹೋದದ್ದನ್ನು ಜೋಳ ಉಂಡಿತು. ಕುಡತಿನಿಯ ದಿಬ್ಬವನ್ನು ನೋಡಬೇಕೆನ್ನುವವರು ಬಳ್ಳಾರಿಯಿಂದ ತೋರಣಗಲ್ಲಿನ ರಸ್ತೆ ಹಿಡಿಯಬಹುದು. ಬೇಗ ಹೋಗುವುದು ಒಳ್ಳೆಯದು.