ತಕ್ಕಡಿಯ ತೂಕ

ಹೊಸ ಲ್ಯಾಪ್‌ಟಾಪನ್ನು ಪರೀಕ್ಷಿಸಹೊರಟವನು ಸಾಮಾನ್ಯವಾಗಿ ಬಯಸುವುದು ಎರಡು ಸಂಖ್ಯೆಗಳನ್ನು. ಡಿಸ್ಕು ಸೆಕೆಂಡಿಗೆ ಎಷ್ಟು ಮೆಗಾಬೈಟುಗಳನ್ನು ಬರೆಯಬಲ್ಲುದು, ಪ್ರೊಸೆಸರು ಅಷ್ಟು ಕಾಲದಲ್ಲಿ ಎಷ್ಟು ಗಣನೆಗಳನ್ನು ಮುಗಿಸಬಲ್ಲುದು ಎಂಬುದು ತಿಳಿದುಬಿಟ್ಟರೆ ಯಂತ್ರದ ಸ್ವರೂಪವೇ ತನಗೆ ಕರತಲಾಮಲಕವಾಯಿತೆಂದು ಅವನು ಭಾವಿಸುತ್ತಾನೆ. ಈ ಭಾವನೆ ಎಷ್ಟರಮಟ್ಟಿಗೆ ಯುಕ್ತವೆಂಬುದು ಯಂತ್ರಶಾಸ್ತ್ರಜ್ಞರಿಗೇ ಬಿಟ್ಟುಕೊಡತಕ್ಕ ಪ್ರಶ್ನೆಯಲ್ಲ. ಅರಿಯಬೇಕಾದ ಪ್ರಮೇಯವು ಅರಿವಿನ ಸಾಧನವಾದ ಪ್ರಮಾಣದಿಂದ ಸಿದ್ಧಿಸುವುದಾದರೆ ಆ ಪ್ರಮಾಣವು ಯಾವುದರಿಂದ ಸಿದ್ಧಿಸುತ್ತದೆಂದು ನಾಗಾರ್ಜುನನು ‘ವಿಗ್ರಹವ್ಯಾವರ್ತನಿ’ಯಲ್ಲಿ ಪ್ರಮಾಣವಾದಿಗಳ ಮುಂದೆ ಒಡ್ಡಿದ ಪ್ರಶ್ನೆಯೇ ಇದು.

ಲಿನಕ್ಸ್ ಯಂತ್ರದಲ್ಲಿ ‘ಡಿಡಿ’ ಎಂಬ ಹಳೆಯ ಆಜ್ಞೆಯನ್ನು ಕೊಟ್ಟು, ಬರಿಯ ಸೊನ್ನೆಗಳಿಂದ ತುಂಬಿದ ಒಂದು ಗಿಗಾಬೈಟಿನ ಕಡತವನ್ನು ಬರೆಯಿಸಿ ನೋಡಬಹುದು. ಎವೆಯಿಕ್ಕುವಷ್ಟರಲ್ಲಿ ಕೆಲಸ ಮುಗಿದು, ಆ ಡಿಸ್ಕಿನ ಶಕ್ತಿಗೆ ಮೀರಿದ ವೇಗವೊಂದು ಪರದೆಯ ಮೇಲೆ ಮೂಡಿದರೆ ಆಶ್ಚರ್ಯಪಡಬೇಕಾಗಿಲ್ಲ: ಬರೆದದ್ದು ಡಿಸ್ಕನ್ನು ಇನ್ನೂ ತಲಪಿಲ್ಲ, ಕರ್ನಲ್ ಅದನ್ನು ರ‍್ಯಾಮಿನಲ್ಲಿರಿಸಿಕೊಂಡು ‘ಆಯಿತು’ ಎಂದು ವರದಿಯೊಪ್ಪಿಸಿದೆ. ನಿಜವಾಗಿ ಡಿಸ್ಕು ಸೇರುವವರೆಗೆ ಕಾಯತಕ್ಕುದೆಂದು ‘ಎಫ್‌ಡೇಟಾಸಿಂಕ್’ ಎಂಬ ನಿಬಂಧನೆಯನ್ನು ಹಾಕಿದೊಡನೆ ಸಂಖ್ಯೆ ಇಳಿಯುತ್ತದೆ. ಆಗಲೂ ನಿಶ್ಚಿಂತೆಯಿಲ್ಲ. ಕೆಲವು ಎಸ್‌ಎಸ್‌ಡಿಗಳು ಬಂದುದನ್ನು ಸಂಕುಚಿಸಿ ಬರೆಯುವುವಾದ್ದರಿಂದ ಸೊನ್ನೆಗಳ ಸಾಲು ಅವಕ್ಕೆ ಹೊರೆಯೇ ಅಲ್ಲ. ಇನ್ನು ಕೆಲವು, ಕೋಶವೊಂದಕ್ಕೆ ಮೂರು ಬಿಟ್ಟುಗಳನ್ನು ನಿಧಾನವಾಗಿ ತುಂಬುವ ಮುನ್ನ, ಒಂದೊಂದೇ ಬಿಟ್ಟನ್ನು ಬೇಗ ಇಳಿಸಿಕೊಳ್ಳುವ ಕೊಂಚ ಜಾಗವನ್ನು ಕಾದಿರಿಸಿಕೊಂಡು, ಅದು ತುಂಬುವವರೆಗೆ ಮಾತ್ರ ಶೌರ್ಯ ಮೆರೆಯುತ್ತವೆ. ಪ್ರೊಸೆಸರಾದರೂ ಮೊದಲು ಭರದಿಂದ ಓಡಿ, ಬಿಸಿಯೇರಿ ಫ್ಯಾನು ಕೂಗತೊಡಗಿದ ಮೇಲೆ ತನ್ನ ಗತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮೊದಲ ನಿಮಿಷದ ಯಂತ್ರ, ಹತ್ತನೆಯ ನಿಮಿಷದ ಯಂತ್ರ, ಇವೆರಡರಲ್ಲಿ ಕೊಂಡವನು ಹಣ ತೆತ್ತದ್ದು ಯಾವುದಕ್ಕೆ? ಕ್ಷಣಿಕವಾದಿಯಾದ ಬೌದ್ಧನು ಈ ಪ್ರಶ್ನೆಯನ್ನು ಕೇಳಿ ನಕ್ಕಾನು.

ನಾಗಾರ್ಜುನನ ಬಗೆಯ ಆಕ್ಷೇಪಕ್ಕೆ ನ್ಯಾಯಸೂತ್ರಗಳಲ್ಲಿ ದೊರೆಯುವ ಸಮಾಧಾನ ತಕ್ಕಡಿಯದು. ಚಿನ್ನವನ್ನು ತೂಗುವಾಗ ತಕ್ಕಡಿ ಪ್ರಮಾಣ. ತೂಕ ತಿಳಿದ ಚಿನ್ನದಿಂದ ತಕ್ಕಡಿಯನ್ನೇ ಪರೀಕ್ಷಿಸುವಾಗ ಅದು ಪ್ರಮೇಯ. ಪ್ರಸಂಗಭೇದದಿಂದ ಒಂದೇ ವಸ್ತು ಎರಡೂ ಆಗಬಲ್ಲುದು. ಸೊಗಸಾದ ಉತ್ತರವೇ ಸರಿ. ಆದರೆ ಚಿನ್ನಕ್ಕೆ ತಕ್ಕಡಿಯ ಪರಿವೆಯಿಲ್ಲ. ಯಂತ್ರ ಕಟ್ಟುವವರಿಗೆ ವೇಗವನ್ನಳೆಯುವ ಪರೀಕ್ಷೆಯ, ಎಂದರೆ ಬೆಂಚ್‌ಮಾರ್ಕಿನ, ಪರಿವೆ ಧಾರಾಳವಾಗಿದೆ. 1988ರಲ್ಲಿ ಸ್ಥಾಪಿತವಾದ ಸ್ಪೆಕ್ ಸಂಸ್ಥೆಯು ವ್ಯಾಕ್ಸ್-11/780 ಯಂತ್ರದ ವೇಗವನ್ನು ಒಂದೆಂದು ಹಿಡಿದು, ಉಳಿದವನ್ನು ಅದಕ್ಕೆ ಹೋಲಿಸುವ ಪರೀಕ್ಷಾಸಮುಚ್ಚಯವನ್ನು ಮರುವರ್ಷ ಹೊರತಂದಿತಷ್ಟೆ. ಅದರೊಳಗಿನ ‘ಮ್ಯಾಟ್ರಿಕ್ಸ್300’ ಎಂಬ ಪರೀಕ್ಷೆಯ ಗುಟ್ಟನ್ನು ಕಂಪೈಲರು ಬರೆಯುವವರು ಅರಿತುಕೊಂಡು, ಅಂಕಗಳು ಯಂತ್ರದ ಯೋಗ್ಯತೆಗೆ ಸಂಬಂಧವೇ ಇಲ್ಲದಂತೆ ಏರಿದುದರಿಂದ, 1992ರ ಸಮುಚ್ಚಯದಲ್ಲಿ ಅದನ್ನು ಕೈಬಿಡಬೇಕಾಯಿತು.

ಜ್ಞಾನದ ಪ್ರಾಮಾಣ್ಯವು ಸ್ವತಃಸಿದ್ಧ, ಬಾಧಕ ತೋರುವವರೆಗೆ ನಂಬತಕ್ಕುದು ಎಂಬುದು ಮೀಮಾಂಸಕರ ಪಕ್ಷ. ಜ್ಞಾನವನ್ನನುಸರಿಸಿ ಮಾಡಿದ ಪ್ರವೃತ್ತಿ ಸಫಲವಾದಾಗಲೇ ಪ್ರಾಮಾಣ್ಯ ನಿಶ್ಚಯವಾಗುವುದೆಂಬುದು ನೈಯಾಯಿಕರ ಪಕ್ಷ. ವೇದದ ವಿಷಯ ಹೇಗಾದರೂ ಇರಲಿ, ಬೆಂಚ್‌ಮಾರ್ಕಿನ ವಿಷಯದಲ್ಲಿ ನಾನು ನಿಸ್ಸಂಕೋಚವಾಗಿ ನೈಯಾಯಿಕರ ಕಡೆ. ಹಳೆಯ ಗ್ರಂಥಗಳ ಸ್ಕ್ಯಾನ್ ಮಾಡಿದ ಪುಟಗಳಿಂದ ಅಕ್ಷರಗಳನ್ನು ಓದಿಸಿ ತೆಗೆಯುವ ಕೆಲಸ ಯಾರಿಗುಂಟೋ ಅವರು ಅಂಥ ಐನೂರು ಪುಟಗಳನ್ನೇ ಯಂತ್ರಕ್ಕೊಪ್ಪಿಸಿ ಗಡಿಯಾರವನ್ನು ನೋಡುವುದು, ಅಂಗಡಿಯವನು ತೋರಿಸುವ ಯಾವ ಅಂಕಪಟ್ಟಿಗಿಂತಲೂ ವಿಶ್ವಸನೀಯವಾದ ಪರೀಕ್ಷೆ.

ಹಾಗಾದರೆ ಸಫಲವಾಯಿತೆಂಬ ಜ್ಞಾನಕ್ಕೆ ಪ್ರಮಾಣವೇನು? ಈ ಅನವಸ್ಥೆಯನ್ನು ತಡೆಯುವುದಕ್ಕೆಂದೇ ಮಧ್ವಾಚಾರ್ಯರು ಸಾಕ್ಷಿಯನ್ನು ಮುಂದಿಟ್ಟರು: ಮನಸ್ಸು ತಪ್ಪಬಹುದು, ಸುಖದುಃಖಗಳನ್ನು ನೇರವಾಗಿ ಅರಿಯುವ ಸಾಕ್ಷಿ ತಪ್ಪದು. ಯಂತ್ರದ ಮುಂದೆ ಕುಳಿತವನಿಗೆ ಬೇಸರವಾಗುತ್ತಿದೆಯೆಂಬುದು ಸಾಕ್ಷಿವೇದ್ಯವೆಂದು ಒಪ್ಪೋಣ. ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ಬೇಸರಕ್ಕೆ ಕಾರಣ ಡಿಸ್ಕೋ, ಪ್ರೊಸೆಸರೋ, ತನ್ನದೇ ಆತುರವೋ ಎಂಬುದು ಸಾಕ್ಷಿಗೆ ಗೋಚರವಲ್ಲ. ಅದು ಅನುಮಾನಕ್ಕೆ ಸೇರಿದ್ದು. ಆ ಅನುಮಾನಕ್ಕೆ ಹೇತುವನ್ನೊದಗಿಸುವುದರಲ್ಲಿ ಬೆಂಚ್‌ಮಾರ್ಕಿನ ಸಂಖ್ಯೆಗೆ ನ್ಯಾಯವಾದ ಸ್ಥಾನವುಂಟು: ಪುಟಗಳನ್ನು ಓದಿಸುವಾಗ ಡಿಸ್ಕು ತನ್ನ ಅಳೆದ ವೇಗದ ಹತ್ತರಲ್ಲೊಂದು ಪಾಲನ್ನೂ ಬಳಸದೆ, ಪ್ರೊಸೆಸರೊಂದೇ ಪೂರ್ಣಶಕ್ತಿಯಿಂದ ದುಡಿಯುತ್ತಿದ್ದರೆ, ಇನ್ನೂ ವೇಗದ ಡಿಸ್ಕಿಗಾಗಿ ಹಣ ತೆರುವುದು ವ್ಯರ್ಥ.