ಸಭೆಗೆ ಮುಂಚಿನ ಸಭೆ

ನಮ್ಮ ಬಡಾವಣೆಯ ವಾಚನಾಲಯದ ವಾರ್ಷಿಕ ಸಭೆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆಂದು ನೋಟೀಸು ಬಂದಿತ್ತು. ನಿಜವಾದ ಸಭೆ ಶನಿವಾರ ರಾತ್ರಿಯೇ ನಮ್ಮ ಮನೆಯ ಹಜಾರದಲ್ಲಿ ಮುಗಿದುಹೋಯಿತು. ಸೇರಿದವರು ಏಳು ಜನ. ಅವಲಕ್ಕಿಯ ಜೊತೆಗೆ ಎರಡು ಸುತ್ತು ಕಾಫಿ. ವಾಚನಾಲಯವನ್ನು ಮಹಡಿಗೆ ಸಾಗಿಸಿ, ಕೆಳಗಿನ ಕೋಣೆಯನ್ನು ಅಂಗಡಿಗೆ ಬಾಡಿಗೆ ಕೊಡುವುದೆಂದು ತೀರ್ಮಾನವಾಯಿತು. ಸೂಚಿಸುವವರು ಯಾರು, ಅನುಮೋದಿಸುವವರು ಯಾರು, ಯಾರಾದರೂ ಎದ್ದು ಮಾತು ಬೆಳೆಸಿದರೆ 'ಹೊತ್ತಾಯಿತು' ಎನ್ನುವವರು ಯಾರು, ಎಲ್ಲವೂ ಗೊತ್ತಾಯಿತು. ಗೊತ್ತುವಳಿ ಎಂಬ ಮಾತಿನ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಅಂದೇ.

ಹೀಗೆ ಮುಂಚಿತವಾಗಿ ಕೂಡುವುದೇ ಪಾಪವೆಂದು ಒಪ್ಪಲು ನಾನು ಈಗಲೂ ಸಿದ್ಧನಿಲ್ಲ. ಐವತ್ತು ಜನ ಸೇರುವ ಕಡೆ ಯಾರೂ ಯೋಚಿಸಿಕೊಂಡು ಬಾರದಿದ್ದರೆ ಅದು ಸಭೆಯಲ್ಲ, ಸಂತೆ. ನಮ್ಮ ಸಂವಿಧಾನವನ್ನೇ ನೋಡಿ. ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬರುವ ವಿಧಿಗಳನ್ನು ಕಾಂಗ್ರೆಸ್ ಸದಸ್ಯರು ಮೊದಲು ತಮ್ಮಲ್ಲೇ ಕೂಡಿ, ಜಗಳವಾಡಿ, ನಿಲುವು ಗೊತ್ತುಮಾಡಿಕೊಳ್ಳುತ್ತಿದ್ದರು. ಆ ಪಕ್ಷದ ಶಿಸ್ತು ಇಲ್ಲದಿದ್ದರೆ ಕರಡು ಸಮಿತಿಯ ಕೆಲಸ ಬಹಳ ಕಷ್ಟವಾಗುತ್ತಿತ್ತೆಂದು 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರರೇ ಹೇಳಿದರು. ಅವರು ಕಾಂಗ್ರೆಸ್ಸಿಗರಲ್ಲ, ಹೊಗಳಬೇಕಾದ ಹಂಗೇನೂ ಇರಲಿಲ್ಲ.

ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಎಲ್ಲರೂ ಶಿಸ್ತಿಗೆ ತಲೆಬಾಗಿದ್ದರೆ ಸಭೆಯೆಂಬುದು ಹೌದಪ್ಪಗಳ ಚಾವಡಿಯಾಗುತ್ತಿತ್ತೆಂಬ ಅರ್ಥದ ಮಾತಾಡಿ, ಬಂಡೆದ್ದವರನ್ನು ಹೆಸರು ಹಿಡಿದು ನೆನೆದರು. ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರ ಹೆಸರು ಅಲ್ಲಿ ಮೊದಲು ಬರುತ್ತದೆ. ಆ ಸಭೆಯಲ್ಲಿ ಮಂಡನೆಯಾದ ತಿದ್ದುಪಡಿಗಳು 2,473. ಇಷ್ಟು ಕಾಟ ತಿಂದವರು ಕಾಟ ಕೊಟ್ಟವರಿಗೇ ಕೃತಜ್ಞತೆ ಹೇಳಿದರು!

ನಮ್ಮ ಹಜಾರದಲ್ಲಿ ಕಾಮತರಂಥವರಿಗೆ ಜಾಗವಿರಲಿಲ್ಲ. ಮೂರನೆಯ ಮನೆಯ ನಿವೃತ್ತ ಮೇಷ್ಟರನ್ನು ನಾವು ಬೇಕೆಂದೇ ಕರೆದಿರಲಿಲ್ಲ. ಭಾನುವಾರ ಅವರು ಒಂದು ಚೀಟಿ ಹಿಡಿದು ಎದ್ದು ನಿಂತರು. ವಾರವಿಡೀ ವಾಚನಾಲಯದ ಬಾಗಿಲಲ್ಲಿ ಕುಳಿತು ಲೆಕ್ಕ ಬರೆದಿದ್ದರು: ಬೆಳಗ್ಗೆ ಪತ್ರಿಕೆ ಓದಲು ಬರುವ 41 ಜನರಲ್ಲಿ 26 ಜನ ಮುದುಕರು. "ಬಾಡಿಗೆಯೇನೋ ಬರುತ್ತದೆ ಸ್ವಾಮಿ, ಇವರು ಮೆಟ್ಟಿಲು ಹತ್ತಿ ಬರುತ್ತಾರೆಯೆ?" ಎಂದರು.

ಅವರ ಮಾತು ಸರಿಯೆಂದು ನನಗೆ ಆ ಕ್ಷಣವೇ ಅನ್ನಿಸಿತು. ಅನ್ನಿಸಿದ ಮೇಲೂ ಗೊತ್ತುವಳಿಯ ಪರವಾಗಿ ಕೈ ಎತ್ತಿದೆ. ಕೊಟ್ಟ ಮಾತು ನೋಡಿ! ಹರಿಶ್ಚಂದ್ರನ ಕಥೆ ಕೇಳಿ ಬೆಳೆದವನು ನಾನು. ಆದರೆ ಹರಿಶ್ಚಂದ್ರ ಮಾತಿಗಾಗಿ ಕಳೆದುಕೊಂಡದ್ದು ತನ್ನ ರಾಜ್ಯವನ್ನು. ನಾನು ಕಳೆದದ್ದು ಬೇರೆಯವರು ಕೂರುವ ಬೆಂಚನ್ನು. ಎಲ್ಲರ ಮಾತು ಕೇಳಿದ ಮೇಲೆ ಹುಟ್ಟಬೇಕಾದ ಅಭಿಪ್ರಾಯವನ್ನು ಹಿಂದಿನ ರಾತ್ರಿಯೇ ಒತ್ತೆಯಿಟ್ಟು ಬಂದಿದ್ದೆ. ಒತ್ತೆಯಿಡಲು ಅದು ಆಗ ನನ್ನ ಬಳಿ ಇತ್ತೆ? ಮೇಷ್ಟರು ಲೆಕ್ಕ ಓದುತ್ತಿದ್ದಾಗ ನಾವು ಏಳು ಜನ ವಿನಯದಿಂದ ಕೇಳುತ್ತಿರುವವರಂತೆ ಕುಳಿತಿದ್ದೆವಲ್ಲ, ಆ ವಿನಯ ನನ್ನನ್ನು ಈಗಲೂ ಚುಚ್ಚುತ್ತದೆ.

ಸಭೆ ಮುಗಿದು ಚಪ್ಪಲಿ ಮೆಟ್ಟುವಾಗ ಅವರು ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. "ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಬಹಳ ಹೊತ್ತು ದೀಪ ಉರಿಯುತ್ತಿತ್ತು, ಎಲ್ಲರೂ ಕ್ಷೇಮವಷ್ಟೆ?" ಎಂದು ಕೇಳಿದರು.

"ನೆಂಟರು ಬಂದಿದ್ದರು" ಎಂದೆ.